ನಿಡೋಣಿಗೆ ಎಂಟು ರೈಲು

ತಂಬಾಕು, ಇಸ್ಪೀಟಿನ ಚಟವಾದರೆ ಬುದ್ಧಿ ಹೇಳಲು ನಾಲ್ಕು ಜನ ಬರುತ್ತಾರೆ. ನನ್ನ ಚಟಕ್ಕೆ ಬುದ್ಧಿ ಹೇಳಲು ಬಂದವರೇ ಮೊದಲು ಅದೇನೆಂದು ಕೇಳಿ, ಆಮೇಲೆ ನನ್ನ ಮುಖ ನೋಡಿ ಬಂದ ದಾರಿ ಹಿಡಿಯುತ್ತಾರೆ. ವಿಜಯಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ, ಐವತ್ತರ ಅಂಚಿನ ಗೃಹಸ್ಥ ನಾನು. ಬಿಡುವು ಸಿಕ್ಕರೆ ಕಂಪ್ಯೂಟರಿನಲ್ಲಿ ಕಾರ್ಖಾನೆ ಕಟ್ಟುವ ಆಟ ಆಡುತ್ತೇನೆ. ಗಣಿ ತೋಡಿ, ಹಳಿ ಹಾಸಿ, ಸರಕನ್ನೆಲ್ಲ ರೈಲಿನಲ್ಲಿ ತಂದು ಕಾರ್ಖಾನೆಗೆ ಸುರಿಯಬೇಕು. ಆಟದವರು ನಿಲ್ದಾಣಗಳಿಗೆ ಇಟ್ಟಿದ್ದ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಕಬ್ಬಿಣದ ಗಣಿಗೆ ನನ್ನೂರು ಘೋಣಸಗಿಯ ಹೆಸರಿಟ್ಟೆ, ಕಲ್ಲಿದ್ದಲ ಗಣಿಗೆ ಹೆಂಡತಿ ಸುನಂದಾಳ ತವರು ನಿಡೋಣಿಯದು. ನಿಜದಲ್ಲಿ ಎರಡೂ ಊರಿಗೆ ಬಸ್ಸೇ ಗತಿ. ರೈಲು ತಂದ ಕೀರ್ತಿ ನನ್ನದು.

ಒಂದು ದಿನ ಚಹಾ ತಂದ ಸುನಂದಾ ಪರದೆ ನೋಡುತ್ತ ನಿಂತಳು. “ನಿಂತದ್ದು ಯಾ ಊರ ಗಾಡಿ ರೀ?”

“ನಿಡೋಣಿದು.”

“ಮತ್ತ ಹೊಂಟದ್ದು?”

“ಘೋಣಸಗಿದು.”

“ಅಂದ್ರ ಆಟದಾಗೂ ನಮ್ಮೂರವರೇ ಕಾಯಬೇಕೇನ್ರಿ?”

ಕಬ್ಬಿಣ ಮುಖ್ಯ, ಕಲ್ಲಿದ್ದಲು ತಡವಾದರೂ ನಡೆಯುತ್ತದೆ ಎಂದು ತಿಳಿಸಿ ಹೇಳಿದೆ. “ನಡೀತದ, ನಡೀತದ. ಇಪ್ಪತ್ತು ವರ್ಷದಿಂದ ಹಂಗ ನಡದದ,” ಎಂದು ಕಪ್ಪು ಕುಕ್ಕಿ ಹೋದಳು.

ಆ ಮಾತಿನ ಮುಳ್ಳು ಎಲ್ಲಿಯದೆಂದು ನನಗೆ ಗೊತ್ತಿತ್ತು. ಪ್ರತಿ ವರ್ಷ ಜೋಳ ಹಾಲುಗಾಳಾದಾಗ ಮಾವನವರು ಸೀತನಿ ತಿನ್ನಲು ಕರೆಯುತ್ತಾರೆ. ಎಳೆ ತೆನೆಯನ್ನು ಹೊಲದಲ್ಲೇ ಸಗಣಿ ಕುಳ್ಳಿನ ಬೆಂಕಿಗೆ ಸುಟ್ಟು, ಬಿಸಿಬಿಸಿ ತಿಕ್ಕಿ ಕಾಳು ಉದುರಿಸಿ, ಖಾರದ ಶೇಂಗಾ ಹಿಂಡಿಯ ಜೊತೆ ಕೊಡುತ್ತಾರೆ. ಪ್ರತಿ ವರ್ಷ ನನಗೆ ಏನೋ ಒಂದು ಅಡ್ಡ ಬರುತ್ತದೆ. ಪರೀಕ್ಷೆ, ಪೇಪರು, ಒಮ್ಮೆ ಬರೇ ಸೊಂಟನೋವು. ಈ ಸಲ ಮುಂದಿನ ಭಾನುವಾರ ಬಂದೇ ಬರುತ್ತೇನೆಂದು ಮಾವನವರಿಗೆ ಮಾತು ಕೊಟ್ಟಿದ್ದೆ. ಅದು ದಾಟಿದರೆ ಕಾಳು ಬಲಿತುಬಿಡುತ್ತದೆ.

ಅಷ್ಟರೊಳಗೆ ಹೆಂಡತಿಯನ್ನು ಸಮಾಧಾನ ಮಾಡೋಣವೆಂದು ಶನಿವಾರ ನಿಡೋಣಿಗೆ ಒಂದಲ್ಲ, ಎಂಟು ರೈಲು ಬಿಟ್ಟೆ. ಭಾನುವಾರ ಅಂಗಿ ತೊಟ್ಟು, ಬಸ್ಸಿಗೆ ಹೊರಡುವ ಮುನ್ನ ಒಮ್ಮೆ ಇಣುಕಿದರೆ ಎಲ್ಲಾ ಬಂದ್! ಒಂದೇ ಗಾಡಿ ನಿಲ್ಲುವ ಜಾಗಕ್ಕೆ ಎಂಟು ಹೋಗಿದ್ದವು. ತುಂಬಿದ್ದಕ್ಕೆ ಹೊರಬರಲು ದಾರಿಯಿಲ್ಲ, ಖಾಲಿಯವಕ್ಕೆ ಒಳಹೋಗಲು ಜಾಗವಿಲ್ಲ. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ನಿಂತ ಹಾಗೆ ಸಾಲು. ಅದರ ಬಾಲಕ್ಕೆ ಘೋಣಸಗಿಯ ಗಾಡಿಗಳೂ ಸಿಕ್ಕಿಕೊಂಡಿದ್ದವು. ಕಲ್ಲಿದ್ದಲು ಬಾರದೆ ಕರೆಂಟು ಹೋಗಿ, ನನ್ನ ಇಡೀ ಕಾರ್ಖಾನೆ ಕತ್ತಲಾಗಿತ್ತು.

“ಬಸ್ ಹೋಗ್ತದ, ಏಳ್ರಿ.”

“ಐದ ನಿಮಿಷ. ನಿಡೋಣಿದಾಗ ಸಿಕ್ಕೊಂಡೇನಿ.”

“ನೀವು ನಿಡೋಣಿದಾಗ ಸಿಕ್ಕೊಂಡ್ರ, ನಾ ಯಾ ಊರಿಗೆ ಹೊಂಟೇನ್ರಿ?” ಎಂದು ಚೀಲ ಎತ್ತಿಕೊಂಡಳು.

ಮುಂದಿನ ಬಸ್ಸಿಗೆ ಬರ್ತಾರಂತ ನಿಮ್ಮಪ್ಪಗ ಹೇಳು ಎಂದು ಕೂಗಿದೆ. ಬರುವ ಮನಸ್ಸೂ ಇತ್ತು, ಆಣೆ ಮಾಡಿ ಹೇಳುತ್ತೇನೆ. ಆದರೆ ಒಂದು ಗಾಡಿ ಹಿಂದೆ ಸರಿಸಿದರೆ ಮತ್ತೊಂದು ಮುಂದೆ ಬಂದು ಮೂಗು ತೂರಿಸುತ್ತದೆ. ಆರನ್ನು ಕಿತ್ತು, ಉಳಿದವಕ್ಕೆ ಪಕ್ಕದಲ್ಲಿ ಹೊಸ ಹಳಿ ಹಾಸಿ, ದೀಪ ಹತ್ತಿದ್ದು ನೋಡಿ ಖುಷಿಯಿಂದ ತಲೆ ಎತ್ತಿದರೆ ಕಿಟಕಿಯಲ್ಲಿ ಬಿಸಿಲೇ ಇರಲಿಲ್ಲ.

ಸಂಜೆ ಸುನಂದಾ ಬಂದಳು. ಅವಳು ಚಪ್ಪಲಿ ಬಿಡುವುದರೊಳಗೆ ನಾನೇ ಶುರು ಮಾಡಿದೆ. “ಎಲ್ಲಾ ಸರಿ ಮಾಡೇನಿ ನೋಡು. ಇನ್ನ ನಿಡೋಣಿ ಗಾಡಿ ಒಂದೂ ಕಾಯೂದಿಲ್ಲ.”

“ನಮ್ಮಪ್ಪ ಕಾಯ್ದ,” ಎಂದಳು. “ಮೂರು ಬಸ್ ಬಂದು ಹೋಗೂತನಕ ಸ್ಟ್ಯಾಂಡಿನಾಗ ನಿಂತಿದ್ದ, ಟವಲಿನಾಗ ಸೀತನಿ ಕಟಗೊಂಡು.”

ನನಗೆ ನಾಚಿಕೆಯಾಯಿತು. ಮರುದಿನ ರಜೆ ಹಾಕಿ ಮೊದಲ ಬಸ್ಸಿಗೇ ಹೋದೆ. ಬೈಗುಳಕ್ಕೆ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಮಾವನವರು ಬೈಯಲಿಲ್ಲ. “ಕಾಳು ಬಲತಾವ ಅಳಿಯಂದ್ರ, ಸೀತನಿ ಇನ್ನ ಬರೂ ವರ್ಷಾನ. ಕೆಲಸ ಬಿಟ್ಟು ಬಂದೀರಿ, ರೊಟ್ಟಿ ಉಣ್ರಿ,” ಎಂದು ತಾವೇ ಬೆಣ್ಣೆ ಇಟ್ಟರು. ಯಾವ ಕೆಲಸವೆಂದು ಅವರು ಕೇಳಲಿಲ್ಲ. ತಲೆ ಎತ್ತದೆ ನಾಲ್ಕು ರೊಟ್ಟಿ ತಿಂದೆ.