ಎರಡು ಮಾತ್ರೆಗಳ ನಡುವೆ ನಾನು

ಹೊಸಪೇಟೆಯಲ್ಲಿ ನನ್ನದೊಂದು ಸೀರೆ ಅಂಗಡಿ ಇದೆ. ಯಾರಿಗೆ ಯಾವುದು ಒಪ್ಪುತ್ತದೆಂದು ಹೇಳುವುದೇ ನನ್ನ ಉದ್ಯೋಗ. ಕೆಲವು ತಿಂಗಳಿಂದ ಮಾತ್ರ ಊಟ ಸೇರದೆ, ಅಂಗಡಿ ಬಾಗಿಲು ತೆಗೆಯಲೂ ಮನಸ್ಸಿಲ್ಲದೆ ಗೋಡೆ ನೋಡುತ್ತ ಮಲಗಿದ್ದೆ. ಹೆಂಡತಿ ಶಿವಲೀಲಾ ಮನೋವೈದ್ಯರ ಬಳಿ ಎಳೆದೊಯ್ದಳು.

"ಇದು ಖಿನ್ನತೆ. ವಾಸಿ ಆಗ್ತದ," ಎಂದರು ಡಾಕ್ಟರು. "ನಿಮಗ ಎರಡು ಮಾತ್ರಿ ಹೊಂದ್ತಾವ. ಒಂದು ಶುರುವಿಗೆ ಹೊಟ್ಟಿ ತೊಳಸ್ತದ, ಆಮ್ಯಾಲ ಸರಿಹೋಗ್ತದ. ಇನ್ನೊಂದರಿಂದ ನಿದ್ದಿ, ಹಸಿವು ಜಾಸ್ತಿ, ತೂಕ ಏರಬಹುದು. ಯಾವುದಾದ್ರೂ ಗುಣ ಕಾಣಾಕ ಕೆಲವು ವಾರ ಬೇಕು. ನಿಮಗ್ಯಾವುದು ಅನುಕೂಲ?"

ಆರಿಸುವ ವಿಷಯವೇ? ನನಗೆ ಧೈರ್ಯ ಬಂತು. ಆದರೆ ಹೊಟ್ಟೆ ತೊಳಸಿದರೆ ಗಿರಾಕಿಗಳ ಮುಂದೆ ಕೂರುವುದು ಹೇಗೆ? ತೂಕ ಏರಿದರೆ ಗಲ್ಲಾದ ಹಿಂದೆ ತೂರುವುದು ಹೇಗೆ? ಬಹಳ ಹೊತ್ತು ಯೋಚಿಸಿ ಗಂಭೀರವಾಗಿ ಹೇಳಿದೆ: "ಬ್ಯಾರೆ ಯಾವುದಾದ್ರೂ ತೋರಿಸ್ರಿ."

ಶಿವಲೀಲಾ ಹಣೆ ಹಿಡಿದುಕೊಂಡಳು. "ಸೀರಿ ಅಲ್ರೀ ಅದು! ಡಾಕ್ಟ್ರೇ, ಇವ್ರಿಗೆ ನಿದ್ದಿನೂ ಇಲ್ಲ, ತುತ್ತೂ ಇಳಿಯಂಗಿಲ್ಲ. ನಿದ್ದಿದ್ದೇ ಕೊಡ್ರಿ."

ನಾನು ತಲೆಯಾಡಿಸಿದೆ. ರಾತ್ರಿ ಮಲಗುವ ಮುಂಚೆ ಒಂದು ಎಂದು ಡಾಕ್ಟರು ಬರೆದುಕೊಟ್ಟರು.

ಬೇಸರ ಕಾಡುವುದು ಹಗಲು, ಮಾತ್ರೆ ರಾತ್ರಿ ಯಾಕೆ? ಇದು ನನ್ನ ಸ್ವಂತ ಸಂಶೋಧನೆ. ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿಂದು, ಯಾರಿಗೂ ಹೇಳದೆ ಮಾತ್ರೆ ನುಂಗಿ ಅಂಗಡಿಗೆ ಹೋದೆ. ಮದುವೆ ಜವಳಿಗೆಂದು ಕಂಪ್ಲಿಯಿಂದ ಒಂದು ಕುಟುಂಬ ಬಂತು. ರೇಷ್ಮೆ ಸೀರೆ ಹರವಿ ಸೆರಗಿನ ವರ್ಣನೆಗೆ ತೊಡಗಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಎಚ್ಚರವಾದಾಗ ಅದೇ ಸೀರೆಯ ಮೇಲೆ ಕೆನ್ನೆಯೂರಿ ಮಲಗಿದ್ದೆ. ಜೊಲ್ಲು ಜರಿಯವರೆಗೆ ಹರಿದಿತ್ತು. ವಧುವಿನ ತಾಯಿ ರಟ್ಟಿನಿಂದ ನನಗೆ ಗಾಳಿ ಹಾಕುತ್ತಿದ್ದರು.

"ಪುಣ್ಯವಂತ್ರು, ಎಂಥಾ ನಿದ್ದಿ ನೋಡ್ರಿ," ಎಂದರು. "ಈ ಸೀರಿ ಮಾತ್ರ ಬ್ಯಾಡ್ರಿ."

"ರಾತ್ರಿ ಅಂದ್ರ ರಾತ್ರಿನೇರಿ," ಎಂದಷ್ಟೇ ಡಾಕ್ಟರು ಫೋನಿನಲ್ಲಿ ಹೇಳಿದರು. ಉಳಿದ ಬೈಗುಳವನ್ನು ಶಿವಲೀಲಾ ಪೂರೈಸಿದಳು. ಅಂದಿನಿಂದ ಮಾತ್ರೆಗಳು ಅವಳ ವಶಕ್ಕೆ ಹೋದವು.

ಕೆಲವು ವಾರಗಳಲ್ಲಿ ನಿದ್ದೆ ಸರಿಯಾಯಿತು, ಊಟ ಸೇರಿತು, ಬೆಳಗಾದರೆ ಎದ್ದು ಕೂರಬೇಕೆನಿಸಿತು. ಸಾರಿಗೆ ಉಪ್ಪಿಲ್ಲ, ನಲ್ಲಿ ಸೋರುತ್ತಿದೆ, ಪಕ್ಕದ ಮನೆಯವರ ಬೈಕು ನಮ್ಮ ಗೇಟಿಗೆ ಅಡ್ಡ ನಿಂತಿದೆ. ಎಲ್ಲವೂ ಕಣ್ಣಿಗೆ ಬೀಳತೊಡಗಿ, ದಿನವಿಡೀ ನನ್ನ ಬಾಯಿಗೆ ಬಿಡುವಿಲ್ಲದಂತಾಯಿತು.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳುವ ಮೊದಲೇ ಶಿವಲೀಲಾ, "ಭಾಳ ಆರಾಮಾಗ್ಯಾರ್ರಿ," ಎಂದು ಕಣ್ಣೊರೆಸಿಕೊಂಡಳು.

ಆಮೇಲೆ ಅವಳು ದನಿ ತಗ್ಗಿಸಿ ಕೇಳಿದಳು: "ಸ್ವಲ್ಪ ಕಡಿಮಿ ಆರಾಮ ಮಾಡೂದು ಏನಾರ ಐತೇನ್ರಿ?"