ಪಾಪದ ಬೆಕ್ಕಿನ ಮೇಲೆ ಬಂದ ಆರೋಪ

ನಮ್ಮ ಸೋದರಮಾವನ ಮುಖ ವರ್ಷಕ್ಕೊಂದು ಸಲ ಪೊಲೀಸ್ ಠಾಣೆಯಾಗುತ್ತದೆ ಎಂದರೆ ನಂಬುತ್ತೀರಾ? ಮಾರ್ಚ್ ಬಂತೆಂದರೆ ಸಾಕು, ಮೂಗು ಕೆಂಪಾಗಿ, ತುಟಿಯ ಮೇಲೆ ದದ್ದೆದ್ದು, ಕೆನ್ನೆ ಪೂರಿಯಂತೆ ಉಬ್ಬುತ್ತದೆ. ಕೂಡಲೇ ಹೊಸನಗರದ ಅವರ ಮನೆಯಲ್ಲಿ ತನಿಖೆ ಶುರು!

ಮೊದಲ ವರ್ಷ ಸಿಕ್ಕಿಬಿದ್ದದ್ದು ಅತ್ತೆಯ ಗಂಧದ ಸೋಪು. ಅದು ಗಡೀಪಾರಾಗಿ ಕಡಲೆಹಿಟ್ಟು ಬಂತು. ಮಾವ ಮುಖ ತೊಳೆದು ಬಂದರೆ ಮನೆಗೆಲ್ಲ ಬಜ್ಜಿಯ ವಾಸನೆ! ಅತ್ತೆಗೆ ಮಾತ್ರ ಅದು ತಿಳಿಯದು; ಹಿಂದಿನ ವರ್ಷ ಬಂದ ಜ್ವರವೊಂದು ಹೋಗುವಾಗ ಅವರ ಮೂಗಿನ ಶಕ್ತಿಯನ್ನೇ ಕೊಂಡೊಯ್ದಿತ್ತು. ಮರುವರ್ಷ ಮೀಸೆಯ ಡೈ ಆರೋಪಿ. ಮೀಸೆ ಬೆಳ್ಳಗಾಯಿತು, ದದ್ದು ಕೆಂಪಗೇ ಉಳಿಯಿತು. ಆಮೇಲೆ ಕನ್ನಡಕದ ಫ್ರೇಮು, ದಿಂಬಿನ ಕವರು, ಕೊನೆಗೆ ಬೆಕ್ಕು.

"ಬೆಕ್ಕು ನಿಮ್ಮ ಮೂಗಿನ ತಂಟೆಗೆ ಬಂದಿದ್ದು ಯಾವಾಗ?" ಎಂದರು ಅತ್ತೆ.

"ಅದನ್ನ ನೋಡಿದ್ರೇ ನಂಗೆ ತುರಿಕೆ!"

ಈ ವರ್ಷ ನಾನೇ ಸಾಗರದ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದೆ. ಮಾವ ಕೈಚೀಲದ ತುಂಬ ಆರೋಪಿಗಳನ್ನು ತಂದಿದ್ದರು. ಬೆಕ್ಕನ್ನು ತರದಂತೆ ತಡೆದದ್ದು ನನ್ನ ಜೀವಮಾನದ ಸಾಧನೆ! ಡಾಕ್ಟರು ಅವರ ಬೆನ್ನಿಗೆ ಒಂದೊಂದು ಆರೋಪಿಯ ಚೂರಿಟ್ಟ ಪಟ್ಟಿಗಳನ್ನು ಸಾಲಾಗಿ ಅಂಟಿಸಿ, ಎರಡು ದಿನ ನೀರು ತಾಗಿಸಬೇಡಿ ಎಂದರು. ಮಾವ ಬಸ್ಸಿನಲ್ಲಿ ಸೀಟಿಗೆ ಒರಗದೆ ಊರಿನವರೆಗೂ ನೆಟ್ಟಗೆ ಕೂತು ಬಂದರು. ಎರಡು ದಿನ ಬಿಟ್ಟು ಹೋದರೆ ತೀರ್ಪು: ಎಲ್ಲರೂ ನಿರ್ದೋಷಿಗಳು!

"ಮಾವಿನ ಸೊನೆ ಏನಾದ್ರೂ ತಾಗತ್ತಾ?" ಎಂದರು ಡಾಕ್ಟರು.

"ನಮ್ಮನೇಲಿ ಮಾವಿನ ಮರವೇ ಇಲ್ಲ ಡಾಕ್ಟ್ರೇ!"

ಮರವಿಲ್ಲ, ನಿಜ. ಆದರೆ ಮಾರ್ಚಿನಲ್ಲಿ ಉಪ್ಪಿನಕಾಯಿಗೆಂದು ಚೀಲಗಟ್ಟಲೆ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿ, ಬರುತ್ತದೆ. ಒಂದೊಂದರ ತೊಟ್ಟು ಮುರಿದು, ಒಸರುವ ಸೊನೆಯನ್ನು ಮೂಗಿಗೆ ಹಿಡಿದು ಪರಿಮಳ ನೋಡುವುದು ಯಾರು? ಇದೇ ಮಾವ!

ಹೊರಗೆ ಬಂದವನೇ ಜಗಳಕ್ಕೆ ನಿಂತೆ. "ಸೊನೆಯಿಂದ ಅಂತ ನಿಮಗೆ ಗೊತ್ತಿಲ್ವಾ ಮಾವಾ?"

"ಮೊದಲನೇ ವರ್ಷವೇ ಗೊತ್ತಿತ್ತು ಮಾರಾಯಾ," ಎಂದರು ಮಾವ ಮೆಲ್ಲಗೆ. "ಮೊದಲೆಲ್ಲ ಮೂಸಿ ಮಿಡಿ ಆರಿಸ್ತಿದ್ದಿದ್ದು ನಿನ್ನ ಅತ್ತೆ. ಈಗ ನಾನು ಮೂಸಿ, ಇದು ಜೀರಿಗೆ ಪರಿಮಳ, ಇದು ಕರ್ಪೂರದ್ದು ಅಂತೀನಿ. ಅವಳು ಕಣ್ಣು ಮುಚ್ಕೊಂಡು ಕೇಳ್ತಾಳೆ. ನನ್ನ ಮುಖ ಹೀಗಾಗೋದು ಇದ್ರಿಂದ ಅಂತ ಗೊತ್ತಾದ್ರೆ, ಮಿಡಿನೇ ತರಿಸಲ್ಲ ಅವಳು."

ನಾನು ಜಗಳ ಬಿಟ್ಟು ಅವರ ಜೊತೆ ಬಸ್ಸು ಹತ್ತಿದೆ.

ಮನೆ ತಲುಪುತ್ತಲೇ ಅತ್ತೆ ಬಾಗಿಲಿಗೆ ಬಂದರು. "ಎಂತ ಅಂದ್ರು ಡಾಕ್ಟ್ರು?"

ಮಾವ ನನ್ನ ಮುಖ ನೋಡಿದರು. ಬೆಕ್ಕು ಬಂದು ನನ್ನ ಕಾಲಿಗೆ ಮೈ ಉಜ್ಜಿತು.

"ಬೆಕ್ಕೇ ಅಂತೆ ಅತ್ತೆ," ಎಂದೆ.