ಭಾವಮೈದುನನ ಜೂಡೋ, ನನ್ನ ಅರ್ಧ ಗಂಟೆ

ಐದು ನಿಮಿಷದ ಒಂದು ಜೂಡೋ ಪಂದ್ಯ ನೋಡಲು ನನಗೆ ತಗಲಿದ ಖರ್ಚು ಹೀಗಿದೆ: ಕೇಬಲ್‌ನವನಿಗೆ ಇನ್ನೂರು ರೂಪಾಯಿ, ಮಾಡಿನ ಒಂಬತ್ತು ಹಂಚು, ಒಂದು ಎಡಗಾಲು, ಮತ್ತು ಚೌಕಾಸಿಯಲ್ಲಿ ನಾನು ಗಳಿಸಿದ್ದ ಹೆಸರು. ಇಷ್ಟೆಲ್ಲ ಯಾಕೆಂದರೆ, ನನ್ನ ಹೆಂಡತಿ ಸುಮತಿಗೆ ಅವಳ ತಮ್ಮನ ಮುಖ ನೋಡಬೇಕಿತ್ತು.

ಮೊದಲು ನನ್ನ ಯೋಗ್ಯತೆಯನ್ನು ಹೇಳಿಬಿಡುತ್ತೇನೆ. ಬೆಳ್ತಂಗಡಿ ಸಂತೆಯಲ್ಲಿ ಗೋಣಿ ಹಾಸಿ ಅಲ್ಯುಮಿನಿಯಂ ಪಾತ್ರೆ ಮಾರಿ ಮೇಲೆ ಬಂದವನು ನಾನು. ಈಗ ಪಾಣೆಮಂಗಳೂರಿನಲ್ಲಿ ಸ್ವಂತ ಪಾತ್ರೆ ಅಂಗಡಿ ಉಂಟು. ಮೂಡುಬಿದಿರೆಯಲ್ಲಿ ಟಿವಿ ಕೊಳ್ಳಲು ಹೋದಾಗ ಅಂಗಡಿಯವನು ಟಿವಿಯ ಜೊತೆ ಸ್ಟ್ಯಾಂಡು, ಸ್ಟ್ಯಾಂಡಿನ ಜೊತೆ ಇಸ್ತ್ರಿಪೆಟ್ಟಿಗೆ, ಅದರ ಮೇಲೆ ನನ್ನ ಬಸ್ ಚಾರ್ಜನ್ನೂ ಕೊಟ್ಟು, ಇನ್ನು ಮುಂದೆ ದಯವಿಟ್ಟು ಬೇರೆ ಅಂಗಡಿಗೆ ಹೋಗಿ ಎಂದು ಕೈಮುಗಿದಿದ್ದ. ಊರಲ್ಲಿ ಯಾರು ಏನು ಕೊಳ್ಳುವುದಿದ್ದರೂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಕರೆಯದಿದ್ದರೂ ನಾನೇ ಹೋಗುತ್ತಿದ್ದೆ.

ಸುಮತಿಯ ತಮ್ಮ ವಸಂತ ಅಳದಂಗಡಿಯವನು. ಗಲ್ಫಿನ ಒಂದು ಕ್ಲೀನಿಂಗ್ ಕಂಪನಿಗೆ ಹೋಗಿ ಆರು ವರ್ಷವಾಗಿತ್ತು. ಪ್ರತಿ ಸಲ ರಜೆ ಸಿಗುತ್ತದೆ ಎನ್ನುವಷ್ಟರಲ್ಲಿ ಕಂಪನಿಗೆ ಏನಾದರೊಂದು ಹೊಸ ಕಾಂಟ್ರಾಕ್ಟು ಸಿಗುತ್ತಿತ್ತು. ಶುಕ್ರವಾರ ಫೋನು ಬರುತ್ತಿತ್ತು. ಆ ಕಾಲದ ಫೋನಿನಲ್ಲಿ ಮುಖ ಕಾಣುತ್ತಿರಲಿಲ್ಲ. ಊರಿಗೆ ಬರುವವರ ಕೈಯಲ್ಲಿ ಅವನು ಕಳಿಸಿದ ಒಂದೇ ಒಂದು ಫೋಟೋದಲ್ಲಿ ಯಾರದೋ ಕಾರಿಗೆ ಒರಗಿ, ಕಪ್ಪು ಕನ್ನಡಕ ಹಾಕಿ, ಟೊಪ್ಪಿ ಇಟ್ಟು ನಿಂತಿದ್ದ. ಅದರಲ್ಲಿ ಸರಿಯಾಗಿ ಕಾಣುತ್ತಿದ್ದದ್ದು ಕಾರು ಮಾತ್ರ. ಸುಮತಿ ಆ ಫೋಟೋವನ್ನು ಟಿವಿಯ ಮೇಲೆ ಇಟ್ಟು ದಿನಾ ಒರೆಸುತ್ತಿದ್ದಳು. ಕನ್ನಡಕವೂ ಒರೆಸಿ ಹೋಗಬಹುದು ಎಂಬ ಆಸೆಯೋ ಏನೋ!

ಗಲ್ಫಿಗೆ ಹೋಗುವ ಮೊದಲು ಅವನು ನನ್ನ ಅಂಗಡಿಯಲ್ಲೇ ಇದ್ದವನು, ನನಗೂ ಅವನಿಲ್ಲದೆ ಅಂಗಡಿ ಬಣಗುಡುತ್ತಿತ್ತು. ನಾನು ಗಿರಾಕಿಗೆ ಹೇಳಿದ ರೇಟನ್ನು ಗಿರಾಕಿಯ ಎದುರೇ ಕಡಿಮೆ ಮಾಡುತ್ತಿದ್ದ ಏಕೈಕ ಮನುಷ್ಯ ಅವನು. ಆಗ ಬೈಯುತ್ತಿದ್ದೆ. ಅವನು ಹೋದ ಮೇಲೆ ಯಾರನ್ನು ಬೈದರೂ ಆ ರುಚಿ ಬರಲಿಲ್ಲ.

ಆ ವರ್ಷ ಏಷ್ಯಾದ ದೊಡ್ಡ ಕ್ರೀಡಾಕೂಟ ಗಲ್ಫಿಗೇ ಬಂತು. ಕ್ಲೀನಿಂಗ್ ಕಾಂಟ್ರಾಕ್ಟು ವಸಂತನ ಕಂಪನಿಗೆ. ಶುಕ್ರವಾರ ಫೋನು ಮಾಡಿದವನ ಸ್ವರದಲ್ಲಿ ಸಂಭ್ರಮ.

"ಅಕ್ಕಾ, ನನ್ನನ್ನು ಜೂಡೋ ಹಾಲಿಗೆ ಹಾಕಿದ್ದಾರೆ. ಗಂಡಸರ ಓಪನ್ ವೆಯಿಟ್ ಫೈನಲಿಗೆ ನಾನು ಮ್ಯಾಟಿನ ಹತ್ತಿರವೇ ಇರ್ತೇನೆ. ಮ್ಯಾಟಿಗೆ ರಕ್ತ ಬಿದ್ದರೆ ಒರೆಸುವವ ನಾನೇ. ಟಿವಿಯಲ್ಲಿ ಬರ್ತದೆ. ಬುಧವಾರ, ನಿಮ್ಮಲ್ಲಿ ಸಂಜೆ ಆರು ಗಂಟೆ. ಭಾವನಿಗೆ ಹೇಳು."

ಭಾವನಿಗೆ ಹೇಳಿದ ಮೇಲೆ ಮುಗಿಯಿತಲ್ಲ!

ನಮ್ಮ ಟಿವಿಯಲ್ಲಿ ಹುಡುಕಿದರೆ ಓಟ ಬಂತು, ಈಜು ಬಂತು, ಜೂಡೋ ಮಾತ್ರ ಬರಲಿಲ್ಲ. ಹಳೆಯ ಆಂಟೆನಾವನ್ನು ಪಶ್ಚಿಮಕ್ಕೆ, ಅಂದರೆ ಗಲ್ಫಿನ ಕಡೆಗೆ, ತಿರುಗಿಸಿದರೆ ಸಿಗಬಹುದು ಎಂದು ವೈಜ್ಞಾನಿಕವಾಗಿ ಯೋಚಿಸಿ ಮಾಡು ಹತ್ತಿದೆ. ಚೆನ್ನಾಗಿ ಸಿಗಲಿ ಎಂದು ತುದಿಗೆ ಅಂಗಡಿಯ ದೊಡ್ಡ ಪರಾತವನ್ನೂ ಕಟ್ಟಿದೆ. ಕಟ್ಟಿ ಹಿಂದೆ ಸರಿದು ಅಂದ ನೋಡಿದೆ. ಒಂಬತ್ತು ಹಂಚು ಮತ್ತು ಎಡಗಾಲಿನ ಲೆಕ್ಕ ಇಲ್ಲಿಯದು.

ಪಕ್ಕದ ಮನೆಯ ಹಮೀದಾಕ ಬಂದು ನನ್ನನ್ನು ಎತ್ತಿ ಕೂರಿಸಿದರು. ಗಲ್ಫಿನಲ್ಲಿ ಹಲವು ವರ್ಷ ಹೋಟೆಲಿನ ಅಡುಗೆಯಲ್ಲಿದ್ದು ಬಂದವರು. ಕೇಬಲ್‌ನ ಸದಾನಂದನ ಹತ್ತಿರ ಗಲ್ಫಿನ ಚಾನೆಲ್ ಹಿಡಿಯುವ ಡಿಶ್ ಉಂಟು, ಅವನಲ್ಲಿ ಕೇಳಿ ಎಂದರು. ಹತ್ತುವ ಮೊದಲು ಯಾಕೆ ಹೇಳಲಿಲ್ಲ ಎಂದೆ. ಪರಾತ ಕಟ್ಟುವುದನ್ನು ನೋಡಿ ಒಣಗಿಸಲಿಕ್ಕೆ ಏನೋ ಇಡುತ್ತಿದ್ದೀರಿ ಅಂತ ಅಂದುಕೊಂಡೆ ಎಂದರು.

ಕುಂಟುತ್ತಾ ಸದಾನಂದನಲ್ಲಿಗೆ ಹೋದೆ. ಅವನು ಒಂದು ಚಾನೆಲಿನ ಜಾಗದಲ್ಲಿ ಗಲ್ಫಿನದನ್ನು ಹಾಕಿಕೊಡಲು ಒಪ್ಪಿದ. ಆದರೆ ಆರೂವರೆಗೆ ಅದೇ ಚಾನೆಲಿನಲ್ಲಿ ಅತ್ತೆ-ಸೊಸೆ ಧಾರಾವಾಹಿ. ಅದನ್ನು ತಪ್ಪಿಸಿದರೆ ಊರಿನ ಹೆಂಗಸರೆಲ್ಲ ತನ್ನ ಮನೆಗೆ ಬರುತ್ತಾರೆ, ಹಾಗಾಗಿ ಪೂರ್ತಿ ಸಂಜೆಗೆ ಐನೂರು, ಆರೂವರೆವರೆಗೆ ಮಾತ್ರವಾದರೆ ಮುನ್ನೂರು ಎಂದ. ಪೂರ್ತಿ ಸಂಜೆಯೇ ತೆಗೆದುಕೊಳ್ಳಿ ಶೇಖರಣ್ಣ, ಆಟದ ವಿಷಯ ಹೇಳಲಿಕ್ಕಾಗುವುದಿಲ್ಲ ಎಂದೂ ಹೇಳಿದ.

ನಾನು ನಕ್ಕೆ. ಜೂಡೋ ಫೈನಲ್ ಐದೇ ನಿಮಿಷದ್ದು ಎಂದು ವಿಚಾರಿಸಿಕೊಂಡೇ ಹೋಗಿದ್ದೆ. ಐದು ನಿಮಿಷದ ಮಾಲಿಗೆ ಪೂರ್ತಿ ಸಂಜೆಯ ದುಡ್ಡು ಕೊಡುವವನು ಬೇರೆ ಯಾರೋ ಇರಬೇಕು! ಅರ್ಧ ಗಂಟೆಯನ್ನು ಇನ್ನೂರಕ್ಕೆ ಇಳಿಸಿ, ಅವನ ಕೈಯಿಂದಲೇ ಒಂದು ಚಾ ಕುಡಿದು ಬಂದೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಬುಧವಾರಕ್ಕೆ ಕರೆದೆ.

ಬುಧವಾರ ನಮ್ಮ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಮತಿ ತಲೆಗೆ ಮಲ್ಲಿಗೆ ಮುಡಿದು, ತಮ್ಮ ಬಾಗಿಲಿಗೇ ಬರುತ್ತಾನೆ ಎಂಬಂತೆ ಗೋಳಿಬಜೆ ಕರಿದಿಟ್ಟಿದ್ದಳು. ಆರಕ್ಕೆ ಸರಿಯಾಗಿ ಗಲ್ಫ್ ಬಂತು. ಮಾತೆಲ್ಲ ಅರಬಿ. ಎಲ್ಲರೂ ಹಮೀದಾಕರ ಮುಖ ನೋಡಿದರು. ಅವರು ಗಂಭೀರವಾಗಿ ಕೇಳಿಸಿಕೊಂಡು, ಒಬ್ಬ ಬಿದ್ದ ಅಂತ ಹೇಳುತ್ತಿದ್ದಾನೆ ಎಂದರು. ಬಿದ್ದದ್ದು ನಮಗೂ ಕಂಡಿತ್ತು.

ಕಂಚಿನ ಪಂದ್ಯಗಳೇ ಕಾಲು ಗಂಟೆ ತಿಂದವು. ಆಮೇಲೆ ಫೈನಲಿಗೆ ಇಬ್ಬರು ಬಂದರು. ಬಿಳಿ ಅಂಗಿಯವನು ಅಕ್ಕಿ ಮುಡಿಗೆ ಕೈಕಾಲು ಬಂದ ಹಾಗೆ. ನೀಲಿಯವನು ಅವನ ಅರ್ಧವೂ ಇಲ್ಲ.

"ಇದೆಂಥ ಅನ್ಯಾಯ ಮಾರಾಯ್ರೆ," ಎಂದರು ಹಮೀದಾಕ. "ನಿಮ್ಮ ಕೋಳಿ ಅಂಕದಲ್ಲಿ ಸಹ ಎರಡನ್ನು ಕೈಯಲ್ಲಿ ಎತ್ತಿ ತೂಕ ನೋಡಿಯೇ ಕಾಳಗಕ್ಕೆ ಬಿಡುವುದಲ್ವಾ?"

ಇದು ಓಪನ್ ವೆಯಿಟ್, ಇಲ್ಲಿ ತಕ್ಕಡಿಗೆ ಕೆಲಸವಿಲ್ಲ ಎಂದು ನಾನು ವಿವರಿಸಿದೆ. ಜೀವನವಿಡೀ ತೂಗಿ ಮಾರಿದವನಿಗೆ ಹಾಗೆ ಹೇಳುವಾಗ ನಾಲಿಗೆ ತೊದಲಿತು.

ನೀಲಿಯವನು ಬೀಳಲಿಲ್ಲ. ಬಿಳಿಯವನು ಎತ್ತಿದರೆ ಬೆಕ್ಕಿನ ಹಾಗೆ ತಿರುಗಿ ಕಾಲ ಮೇಲೆ ಇಳಿಯುತ್ತಿದ್ದ. ಎಲ್ಲರೂ ಆಟದಲ್ಲಿ ಮುಳುಗಿದರು, ಸುಮತಿ ಒಬ್ಬಳನ್ನು ಬಿಟ್ಟು. ಅವಳು ಮ್ಯಾಟಿನ ಅಂಚನ್ನೇ ನೋಡುತ್ತಿದ್ದಳು. ಕ್ಯಾಮೆರಾ ಅಂಚಿಗೆ ಹೋಗುತ್ತಲೇ ಇರಲಿಲ್ಲ. ಕೊನೆಗೆ, ಇರುವೆಯನ್ನೂ ತುಳಿಯದೆ ದಾಟಿ ನಡೆಯುವ ನನ್ನ ಹೆಂಡತಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದಳು:

"ಯಾರಿಗಾದರೂ ಸ್ವಲ್ಪ ರಕ್ತ ಬರಬಾರದಾ?"

ಐದು ನಿಮಿಷ ಮುಗಿಯಿತು. ಸಮ! ಯಾರಾದರೂ ಒಂದು ಅಂಕ ಗಳಿಸುವವರೆಗೆ ಆಟ ಮುಂದುವರಿಯುತ್ತದಂತೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಗೋಡೆಯ ಗಡಿಯಾರ ನೋಡಿದೆ. ನಾನು ಕೊಂಡ ಅರ್ಧ ಗಂಟೆಯಲ್ಲಿ ಉಳಿದದ್ದು ಕೆಲವೇ ನಿಮಿಷ.

ಆಗ ನೀಲಿಯವನ ಮೊಣಕೈ ತಾಗಿ ಬಿಳಿಯವನ ಮೂಗಿನಿಂದ ರಕ್ತ ಬಂತು. ಯಾವ ತಾಯಿಯ ಮಗನೋ ಪಾಪ. ಅವನ ಮೂಗು ಒಡೆದದ್ದಕ್ಕೆ ಪಾಣೆಮಂಗಳೂರಿನಲ್ಲಿ ಚಪ್ಪಾಳೆ ಬಿತ್ತು! ರೆಫರಿ ಆಟ ನಿಲ್ಲಿಸಿ ಅಂಚಿನ ಕಡೆಗೆ ಕೈ ಮಾಡಿದ. ಕ್ಯಾಮೆರಾ ಮ್ಯಾಟಿನ ಮೇಲಿನ ರಕ್ತದ ಹನಿಗೆ ಇಳಿಯಿತು. ಆ ಹನಿಯ ಆಚೆ ಪಕ್ಕದಿಂದ ಎರಡು ಬರಿಗಾಲು ನಡೆದು ಬಂದು ನಿಂತವು. ಒಂದು ಕೈ ಕೆಳಗೆ ಬಂತು. ಮ್ಯಾಟನ್ನು ಬೆರಳ ತುದಿಯಿಂದ ಮುಟ್ಟಿ, ಕಣ್ಣಿಗೆ ಒತ್ತಿಕೊಳ್ಳಲು ಮೇಲೆ ಹೋಯಿತು. ನಮ್ಮೂರ ಹುಡುಗರು ಕಬಡ್ಡಿ ಅಂಕಣಕ್ಕೆ ಇಳಿಯುವಾಗ ಮಾಡುತ್ತಾರಲ್ಲ, ಹಾಗೆ. ಜಗತ್ತಿನ ಯಾವ ಮೂಲೆಯ ಜೂಡೋದಲ್ಲೂ ನೆಲ ಒರೆಸುವವನು ಹಾಗೆ ಮಾಡುವುದಿಲ್ಲ.

"ಅವನೇ," ಎಂದಳು ಸುಮತಿ.

ಕಾಲು ಒಂದು ಹೆಜ್ಜೆ ಮುಂದಿಟ್ಟಿತು. ಕ್ಯಾಮೆರಾ ಮೇಲಕ್ಕೆ ಏರತೊಡಗಿತು. ಮೊಣಕಾಲು ಬಂತು. ಸೊಂಟ ಬಂತು.

ಧಾರಾವಾಹಿಯ ಅತ್ತೆ ಬಂದಳು. ಪರದೆ ತುಂಬ ಕುಂಕುಮ.

ಸದಾನಂದನಿಗೆ ಫೋನು ಮಾಡಿದೆ, ಎಂಗೇಜ್. ಹಮೀದಾಕರ ಸ್ಕೂಟರಿನ ಹಿಂದೆ ಕುಳಿತು, ಉಳುಕಿದ ಕಾಲು ನೇತಾಡಿಸಿಕೊಂಡು ಅವನಲ್ಲಿಗೆ ಧಾವಿಸಿದೆ. ಅವನು ಬಾಗಿಲಲ್ಲಿ ಬೀಡಿ ಸೇದುತ್ತಾ ನಿಂತಿದ್ದ. ನಾನು ಜೀವನದಲ್ಲಿ ಮೊದಲ ಸಲ ರೇಟು ಕೇಳದೆ ಮಾತಾಡಿದೆ.

"ಹಾಕು ಮಾರಾಯ, ಎಷ್ಟು ಬೇಕಾದರೂ ಕೊಡ್ತೇನೆ."

"ಎರಡು ನಿಮಿಷ ಹೆಚ್ಚೇ ಬಿಟ್ಟಿದ್ದೆ ಶೇಖರಣ್ಣ, ನೀವು ಅಂತ," ಎಂದು ಅವನು ಪಾಪ, ಒಂದು ಪೈಸೆ ಕೇಳದೆ ಮತ್ತೆ ಹಾಕಿದ. ಅವನ ಟಿವಿಯಲ್ಲಿ ನೋಡಿದರೆ ಮ್ಯಾಟು ಖಾಲಿಯಿತ್ತು. ಶುಭ್ರವಾಗಿತ್ತು. ಯಾರೋ ಬಹಳ ಚೆನ್ನಾಗಿ ಒರೆಸಿದ್ದರು. ಯಾರು ಗೆದ್ದದ್ದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಧಾರಾವಾಹಿ ತಪ್ಪಿಸಿದ್ದಕ್ಕೆ ಊರಿನ ಹೆಂಗಸರು ಮಾತ್ರ ಒಂದು ವಾರ ನನ್ನ ಅಂಗಡಿಗೆ ಕಾಲಿಡಲಿಲ್ಲ!

ಶುಕ್ರವಾರ ಫೋನು ಬಂತು. ಅಕ್ಕಾ ನೋಡಿದಿಯಾ ಎಂದು ಅವನು ಕೇಳಿದ್ದು ನನಗೂ ಕೇಳಿಸಿತು. ನಾನು ಗೋಡೆ ನೋಡುತ್ತಾ ಕುಳಿತೆ. ಬೈಗುಳ ನನ್ನ ಪಾಲಿಗೆ ಬರಲಿ ಎಂದು ಸಿದ್ಧನಾಗಿದ್ದೆ.

"ನೋಡಿದೆ ಮಗಾ," ಎಂದಳು ಸುಮತಿ. "ಹಿಮ್ಮಡಿ ಎಲ್ಲ ಒಡೆದಿದೆ. ರಾತ್ರಿ ಮಲಗುವಾಗ ತೆಂಗಿನೆಣ್ಣೆ ಹಚ್ಚು."

ಆಮೇಲೆ ಅವನು, ಭಾವ ಎಷ್ಟಕ್ಕೆ ಚೌಕಾಸಿ ಮಾಡಿದರು ಎಂದು ಕೇಳಿದ. ಮುಖ ಕಾಣದಿದ್ದರೂ ಅವನು ನನ್ನನ್ನು ಪೂರ್ತಿ ನೋಡಿದ ಹಾಗಾಯಿತು.

ಆದ್ದರಿಂದ ಓದುಗರಿಗೆ ನನ್ನ ಸಲಹೆ ಇಷ್ಟು, ಇದು ಪುಕ್ಕಟೆ. ಪಾತ್ರೆ, ಬಟ್ಟೆ, ಮೀನು, ಎಲ್ಲದಕ್ಕೂ ಚೌಕಾಸಿ ಮಾಡಿ. ಬೇಕಾದರೆ ನನ್ನನ್ನು ಕರೆಯಿರಿ, ಬರುತ್ತೇನೆ. ಆದರೆ ದೂರದಲ್ಲಿರುವ ನಿಮ್ಮವರು ಒಂದು ಗಳಿಗೆ ಕಾಣಿಸುತ್ತಾರೆ ಎಂದಾದರೆ, ಪೂರ್ತಿ ಸಂಜೆಯನ್ನೇ ಕೊಂಡುಬಿಡಿ. ಮತ್ತು ಜೂಡೋ ಐದೇ ನಿಮಿಷ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದರಲ್ಲೂ ಹೇಳುವವನು ಪಾತ್ರೆ ವ್ಯಾಪಾರಿಯಾಗಿದ್ದರೆ.